ಖಾಲಿ ಜಾಗದ ಚರಿತ್ರೆ: ಬಗ್ದಾದಿನ ಚುಕ್ಕಿಯಿಂದ ವೆಬ್ ಪುಟದ ಮಾರ್ಜಿನ್‌ವರೆಗೆ

ಈ ಲೇಖನವನ್ನು ಓದಲು ಆರಂಭಿಸುವ ಮೊದಲು ಒಂದು ಕ್ಷಣ ಈ ಪುಟವನ್ನೇ ನೋಡಿ. ಅಕ್ಷರಗಳನ್ನಲ್ಲ, ಅಕ್ಷರಗಳಿಲ್ಲದ ಜಾಗವನ್ನು ನೋಡಿ. ನಾಲ್ಕೂ ಕಡೆ ಬಿಳಿಯ ಅಂಚು, ಸಾಲಿನಿಂದ ಸಾಲಿಗೆ ಬಿಟ್ಟ ಅಂತರ, ಶೀರ್ಷಿಕೆಯ ಕೆಳಗಿನ ಸ್ವಲ್ಪ ಬಿಡುವು. ಅಲ್ಲಿ ಯಾರೂ ಏನನ್ನೂ ಬರೆದಿಲ್ಲ. ಆದರೂ ಆ ಖಾಲಿ ಕಾಗದಕ್ಕೂ ಹಣ ಕೊಟ್ಟಿದ್ದಾರೆ, ಯಾರೋ ಕುಳಿತು ಅದನ್ನು ಅಳೆದಿದ್ದಾರೆ. ಆ ಜಾಗ ಇಲ್ಲದಿದ್ದರೆ ನಿಮಗೆ ಈ ಪುಟವನ್ನು ಓದಲು ಆಗುತ್ತಿರಲಿಲ್ಲ.

ನಮ್ಮ ಮದ್ರಸಗಳಲ್ಲಿ ಹಳೆಯ ಗ್ರಂಥಗಳನ್ನು ಕಂಡವರಿಗೆ ‘ಹಾಶಿಯಾ’ ಎಂಬ ಪದ ಹೊಸದಲ್ಲ. ಪುಟದ ಅಂಚಿಗೂ ಹಾಶಿಯಾ ಎನ್ನುತ್ತಾರೆ, ಆ ಅಂಚಿನಲ್ಲಿ ಬರೆದ ಟಿಪ್ಪಣಿಗೂ ಹಾಶಿಯಾ ಎನ್ನುತ್ತಾರೆ. ಬರೆದವನು ಬಿಟ್ಟುಕೊಟ್ಟ ಜಾಗದಲ್ಲಿ ಮುಂದಿನ ತಲೆಮಾರಿನ ವಿದ್ವಾಂಸ ತನ್ನ ವಿವರಣೆಯನ್ನು ಬರೆದ. ಖಾಲಿ ಜಾಗವೆಂದರೆ ವ್ಯರ್ಥವಲ್ಲ, ಅದು ಇನ್ನೊಬ್ಬರಿಗಾಗಿ ಇಟ್ಟ ಮರ್ಯಾದೆ, ಒಂದು ‘ಅದಬ್’ ಎಂಬುದನ್ನು ಈ ಒಂದು ಪದವೇ ಹೇಳುತ್ತದೆ.

ಇಂದು ನಮ್ಮ ಅನೇಕ ವಿದ್ಯಾರ್ಥಿಗಳು ವೆಬ್‌ಸೈಟ್ ರಚಿಸುವ ಕೆಲಸ ಕಲಿಯುತ್ತಿದ್ದಾರೆ. ಅವರೆಲ್ಲ ಮೊದಲ ವಾರದಲ್ಲೇ ಮಾರ್ಜಿನ್, ಪ್ಯಾಡಿಂಗ್ ಎಂಬ ಎರಡು ಪದಗಳನ್ನು ಕೇಳುತ್ತಾರೆ. ಹೆಚ್ಚಿನವರು ಅದನ್ನು ಚಿಕ್ಕ ವಿಷಯವೆಂದು ದಾಟಿಹೋಗುತ್ತಾರೆ. ಆದರೆ ಈ ಎರಡು ಪದಗಳ ಹಿಂದೆ ಒಂದು ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದರ ಮೊದಲ ಅಧ್ಯಾಯಗಳಲ್ಲಿ ಒಂದನ್ನು ಬರೆದವರು ಬಗ್ದಾದಿನವರು.

ವಝೀರರ ಚುಕ್ಕಿ

ಕ್ರಿ.ಶ. ಹತ್ತನೆಯ ಶತಮಾನ. ಅಬ್ಬಾಸೀ ಖಿಲಾಫತ್‌ನ ರಾಜಧಾನಿ ಬಗ್ದಾದಿನಲ್ಲಿ ಕಾಗದದ ಬಳಕೆ ಹೆಚ್ಚಿತ್ತು. ಸರಕಾರಿ ಕಚೇರಿಗಳಲ್ಲಿ ನೂರಾರು ಗುಮಾಸ್ತರು ಬರೆಯುತ್ತಿದ್ದರು. ಒಬ್ಬೊಬ್ಬರ ಕೈ ಒಂದೊಂದು ರೀತಿ. ಇಂತಹ ಕಚೇರಿಯ ಕೆಲಸದಿಂದಲೇ ಮೇಲೆ ಬಂದವರು ಇಬ್ನು ಮುಖ್ಲ. ಮುಂದೆ ಮುಖ್ತದಿರ್, ಖಾಹಿರ್ ಮತ್ತು ರಾದೀ ಎಂಬ ಮೂವರು ಖಲೀಫರ ಕಾಲದಲ್ಲಿ ಅವರು ವಝೀರರಾದರು. ಆದರೆ ಚರಿತ್ರೆ ಅವರನ್ನು ನೆನಪಿಟ್ಟಿರುವುದು ಅಧಿಕಾರಕ್ಕಾಗಿ ಅಲ್ಲ, ಒಂದು ಚುಕ್ಕಿಗಾಗಿ.

ಬಿದಿರು ಜಾತಿಯ ಕಡ್ಡಿಯಿಂದ ಮಾಡಿದ ಲೇಖನಿಯ ತುದಿಯನ್ನು ಓರೆಯಾಗಿ ಒಮ್ಮೆ ಕಾಗದಕ್ಕೆ ಒತ್ತಿದರೆ ವಜ್ರಾಕಾರದ ಒಂದು ಚುಕ್ಕಿ ಮೂಡುತ್ತದೆ. ಅದನ್ನೇ ಅಳತೆಯ ಮೂಲಮಾನವಾಗಿ ಇಟ್ಟುಕೊಂಡರೆ ಹೇಗೆ? ಅಲಿಫ್ ಅಕ್ಷರದ ಎತ್ತರ ಇಷ್ಟು ಚುಕ್ಕಿ. ಆ ಅಲಿಫನ್ನು ವ್ಯಾಸವಾಗಿಟ್ಟು ಒಂದು ವೃತ್ತ. ಉಳಿದ ಅಕ್ಷರಗಳ ಬಾಗು, ಉದ್ದ, ಅಗಲ ಎಲ್ಲವೂ ಆ ಚುಕ್ಕಿ, ಅಲಿಫ್ ಮತ್ತು ವೃತ್ತಕ್ಕೆ ಬದ್ಧ. ಇದನ್ನು ‘ಅಲ್-ಖತ್ತುಲ್ ಮನ್ಸೂಬ್’, ಅಂದರೆ ಪ್ರಮಾಣಬದ್ಧ ಲಿಪಿ ಎಂದು ಕರೆದರು.

ಇದರ ಮಹತ್ವವನ್ನು ಗಮನಿಸಿ. ಇಲ್ಲಿ ಅಳತೆ ಬೆರಳಿನದ್ದೂ ಅಲ್ಲ, ಗೇಣಿನದ್ದೂ ಅಲ್ಲ. ದಪ್ಪ ಲೇಖನಿ ಹಿಡಿದರೆ ಚುಕ್ಕಿ ದೊಡ್ಡದಾಗುತ್ತದೆ, ಚುಕ್ಕಿಯ ಜೊತೆಗೆ ಎಲ್ಲ ಅಕ್ಷರಗಳೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಒಂದನ್ನು ಬದಲಿಸಿದರೆ ಉಳಿದವೆಲ್ಲ ತಾವಾಗಿಯೇ ಹೊಂದಿಕೊಳ್ಳುತ್ತವೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಬ್ನು ಮುಖ್ಲರ ಅಂತ್ಯ ದುರಂತಮಯ. ಅರಮನೆಯ ರಾಜಕೀಯದಲ್ಲಿ ಸಿಲುಕಿ ಅವರ ಬಲಗೈಯನ್ನು ಕತ್ತರಿಸಲಾಯಿತು. ಮೊಂಡುಗೈಗೆ ಲೇಖನಿ ಕಟ್ಟಿಕೊಂಡು ಅವರು ಬರೆಯುತ್ತಿದ್ದರೆಂದು ಚರಿತ್ರೆಕಾರರು ಹೇಳುತ್ತಾರೆ. 940ರಲ್ಲಿ ಅವರು ಸೆರೆಮನೆಯಲ್ಲೇ ತೀರಿಕೊಂಡರು. ಅವರದೇ ಕೈಬರಹವೆಂದು ಖಚಿತವಾಗಿ ತೋರಿಸಬಹುದಾದ ಹಾಳೆ ಇಂದು ಉಳಿದಿಲ್ಲ. ಆದರೆ ನಿಯಮ ಉಳಿಯಿತು. ಬಗ್ದಾದಿನವರೇ ಆದ ಇಬ್ನುಲ್ ಬವ್ವಾಬ್ ಅದನ್ನು ಮತ್ತಷ್ಟು ಹದಗೊಳಿಸಿದರು. ಹಿಜರಿ 391ರಲ್ಲಿ, ಅಂದರೆ ಕ್ರಿ.ಶ. 1000-1001ರಲ್ಲಿ ಅವರು ಬರೆದ ಪವಿತ್ರ ಕುರ್‌ಆನ್ ಪ್ರತಿ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಸಾಲುಗಳ ಅಂತರಕ್ಕೂ ಲಿಪಿಕಾರರು ಒಂದು ಉಪಾಯ ಮಾಡಿಕೊಂಡಿದ್ದರು. ರಟ್ಟಿನ ಹಲಗೆಯ ಮೇಲೆ ಸಮಾನ ಅಂತರದಲ್ಲಿ ದಾರಗಳನ್ನು ಬಿಗಿದು, ಅದರ ಮೇಲೆ ಕಾಗದವಿಟ್ಟು ಉಜ್ಜಿದರೆ ಶಾಯಿಯಿಲ್ಲದ ಗೆರೆಗಳು ಮೂಡುತ್ತಿದ್ದವು. ಇದಕ್ಕೆ ‘ಮಿಸ್ತರ’ ಎನ್ನುತ್ತಿದ್ದರು. ಒಮ್ಮೆ ಮಿಸ್ತರ ಮಾಡಿಟ್ಟರೆ ಐನೂರು ಪುಟಗಳಿಗೂ ಒಂದೇ ಅಂತರ, ಒಂದೇ ಅಂಚು. ಪ್ರತಿ ಪುಟಕ್ಕೂ ಅಳೆಯುವ ಶ್ರಮವಿಲ್ಲ.

ಸೀಸದ ಪಟ್ಟಿ ಮತ್ತು ಕಾತಿಬರ ಕೈ

ಹದಿನೈದನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಗುಟೆನ್‌ಬರ್ಗ್ ಅಚ್ಚುಮೊಳೆಗಳಿಂದ ಮುದ್ರಣ ಆರಂಭಿಸಿದಾಗ ಖಾಲಿ ಜಾಗಕ್ಕೂ ತೂಕ ಬಂತು. ಹೌದು, ಅಕ್ಷರಶಃ ತೂಕ. ಮುದ್ರಣಾಲಯದಲ್ಲಿ ಪದಗಳ ನಡುವಿನ ಅಂತರವೆಂದರೆ ಅಕ್ಷರವಿಲ್ಲದ ಲೋಹದ ತುಂಡು. ಸಾಲುಗಳ ನಡುವೆ ಸೀಸದ ತೆಳು ಪಟ್ಟಿಗಳನ್ನು ಇಡುತ್ತಿದ್ದರು. ಸೀಸಕ್ಕೆ ಇಂಗ್ಲಿಷಿನಲ್ಲಿ ‘ಲೆಡ್’ ಎನ್ನುವುದರಿಂದ ಸಾಲಿನ ಅಂತರಕ್ಕೆ ‘ಲೆಡಿಂಗ್’ ಎಂಬ ಹೆಸರು ಬಂತು. ಮೊಳೆಯ ಗಾತ್ರಕ್ಕೆ ಸಮನಾದ ಅಳತೆಯನ್ನು ‘ಎಮ್’ ಎಂದರು. ಇಬ್ನು ಮುಖ್ಲರ ಚುಕ್ಕಿಯಂತೆಯೇ ಎಮ್ ಕೂಡ ಸ್ಥಿರ ಅಳತೆಯಲ್ಲ. ಅಕ್ಷರ ದೊಡ್ಡದಾದರೆ ಅದೂ ದೊಡ್ಡದಾಗುತ್ತದೆ. ಇದರರ್ಥ ಒಬ್ಬರು ಇನ್ನೊಬ್ಬರಿಂದ ಕಲಿತರೆಂದಲ್ಲ. ಒಂದೇ ತೊಂದರೆಯನ್ನು ಎದುರಿಸಿದ ಎರಡು ನಾಡಿನ ಕುಶಲಕರ್ಮಿಗಳು ಒಂದೇ ಬಗೆಯ ಉತ್ತರ ಕಂಡುಕೊಂಡರು.

ಕನ್ನಡದ ಅಚ್ಚಿಗೆ ಇನ್ನೊಂದು ಕಷ್ಟವಿತ್ತು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಸಾಲದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನ ಪುಟಗಳನ್ನು ನೋಡಿದರೆ, ಎರಡು ಲಿಪಿಗಳನ್ನು ಒಂದೇ ಸಾಲಿನಲ್ಲಿ ಕೂರಿಸಲು ಎಷ್ಟು ತಾಳ್ಮೆ ಬೇಕಾಗಿತ್ತೆಂದು ಊಹಿಸಬಹುದು.

ಉರ್ದುವಿನ ಸ್ಥಿತಿ ಇನ್ನೂ ಕಠಿಣ. ನಸ್ತಾಲೀಖ್ ಲಿಪಿಯಲ್ಲಿ ಪದವು ಬಲಗಡೆ ಮೇಲಿನಿಂದ ಆರಂಭವಾಗಿ ಎಡಕ್ಕೆ ಇಳಿಜಾರಾಗಿ ಹರಿಯುತ್ತದೆ. ಅದನ್ನು ಚೌಕ ಮೊಳೆಗಳಲ್ಲಿ ಹಿಡಿದಿಡುವುದು ಸುಲಭವಲ್ಲ. ಆದ್ದರಿಂದ ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಬರಹವನ್ನೇ ಕಲ್ಲಚ್ಚಿನಲ್ಲಿ, ನಂತರ ಆಫ್‌ಸೆಟ್‌ನಲ್ಲಿ ಮುದ್ರಿಸಿದವು. 1927ರಲ್ಲಿ ಚೆನ್ನೈಯಲ್ಲಿ ಆರಂಭವಾದ ‘ಮುಸಲ್ಮಾನ್’ ಪತ್ರಿಕೆ ಕಂಪ್ಯೂಟರ್ ಬಂದ ಮೇಲೂ ದಶಕಗಳ ಕಾಲ ಕೈಬರಹವನ್ನು ಬಿಡಲಿಲ್ಲ. 1981ರಲ್ಲಿ ಮಿರ್ಝಾ ಅಹ್ಮದ್ ಜಮೀಲ್‌ರ ‘ನೂರಿ ನಸ್ತಾಲೀಖ್’ ಬಂದ ಬಳಿಕವೇ ಉರ್ದು ಪತ್ರಿಕೆಗಳು ಕಂಪ್ಯೂಟರ್ ಅಕ್ಷರಜೋಡಣೆಯತ್ತ ಹೊರಳಿದವು.

ಕಾಣದ ಚಿತ್ರಗಳ ಕಾಲ

ಈಗ ವೆಬ್‌ಗೆ ಬರೋಣ. ಸ್ವಿಟ್ಸರ್ಲೆಂಡಿನ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಯೋಜನೆಯಿಂದ ವರ್ಲ್ಡ್ ವೈಡ್ ವೆಬ್ ಹುಟ್ಟಿತು. 1991ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ವಿಜ್ಞಾನಿಗಳು ತಮ್ಮ ವರದಿಗಳನ್ನು ಹಂಚಿಕೊಳ್ಳಲು ಮಾಡಿದ ವ್ಯವಸ್ಥೆ ಅದು. ಎಚ್‌ಟಿಎಂಎಲ್ ಎಂಬ ಭಾಷೆ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದಷ್ಟೇ ಹೇಳುತ್ತಿತ್ತು. ಎಷ್ಟು ಅಂತರ ಬಿಡಬೇಕೆಂಬುದನ್ನು ಹೇಳಲು ಅದರಲ್ಲಿ ಸರಿಯಾದ ಮಾತೇ ಇರಲಿಲ್ಲ.

ಆದರೆ ಜನರಿಗೆ ಚೆಂದದ ಪುಟಗಳು ಬೇಕಾದವು. ಆಗ ಅಡ್ಡದಾರಿಗಳು ಹುಟ್ಟಿದವು. ಅಂಕಿ-ಅಂಶಗಳಿಗೆಂದು ಮಾಡಿದ ಟೇಬಲ್ಲಿನ ಒಳಗೆ ಟೇಬಲ್ ಇಟ್ಟು ಇಡೀ ಪುಟವನ್ನು ಕಟ್ಟಿದರು. ಒಂದೇ ಒಂದು ಪಿಕ್ಸೆಲ್‌ನ, ಕಣ್ಣಿಗೆ ಕಾಣದ ಪಾರದರ್ಶಕ ಚಿತ್ರವನ್ನು ಬೇಕಾದಷ್ಟು ಎಳೆದು ಅಂತರ ಸೃಷ್ಟಿಸಿದರು. ಇದನ್ನು ‘ಸ್ಪೇಸರ್ ಜಿಐಎಫ್’ ಎನ್ನುತ್ತಿದ್ದರು. ನೆಟ್‌ಸ್ಕೇಪ್ ಬ್ರೌಸರ್ 1996ರಲ್ಲಿ ‘ಸ್ಪೇಸರ್’ ಎಂಬ ಪ್ರತ್ಯೇಕ ಟ್ಯಾಗನ್ನೇ ತಂದಿತು. ಕುಂಟುವ ಮೇಜಿನ ಕಾಲಿಗೆ ಮಡಚಿದ ಕಾಗದ ಇಡುವಂತಹ ಉಪಾಯಗಳಿವು.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಅಂತರದ ನಿರ್ಧಾರ ಪ್ರತಿ ಪುಟದ ಒಳಗೇ ಹೂತುಹೋಗಿತ್ತು. ಇನ್ನೂರು ಪುಟಗಳ ಸೈಟಿನಲ್ಲಿ ಶೀರ್ಷಿಕೆಯ ಕೆಳಗಿನ ಅಂತರ ಬದಲಿಸಬೇಕಾದರೆ ಇನ್ನೂರು ಪುಟಗಳನ್ನೂ ತೆರೆಯಬೇಕು. ಡಯಲ್-ಅಪ್ ಸಂಪರ್ಕದ ಕಾಲದಲ್ಲಿ ಭಾರವಾದ ಟೇಬಲ್‌ಗಳು ತೆರೆದುಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪುಟವನ್ನು ಗಟ್ಟಿಯಾಗಿ ಓದಿಸಿಕೊಳ್ಳುವ ಅಂಧ ಓದುಗರಿಗೆ ಇಂತಹ ಪುಟಗಳು ಗೊಂದಲದ ಗೂಡಾಗಿದ್ದವು.

ಮಿಸ್ತರ ಮತ್ತೆ ಬಂತು

1994ರ ಅಕ್ಟೋಬರ್ 10ರಂದು ಹೋಕನ್ ವಿಯುಮ್ ಲೀ ಎಂಬ ನಾರ್ವೆಯ ತರುಣ ಒಂದು ಪ್ರಸ್ತಾವನೆ ಪ್ರಕಟಿಸಿದರು. ಬರಹ ಒಂದು ಕಡೆ ಇರಲಿ, ಅದು ಕಾಣಬೇಕಾದ ರೀತಿಯ ನಿಯಮಗಳು ಇನ್ನೊಂದು ಕಡೆ ಇರಲಿ ಎಂಬುದು ಅದರ ತಿರುಳು. ಬರ್ಟ್ ಬಾಸ್ ಅವರ ಜೊತೆಗೂಡಿದರು. 1996ರ ಡಿಸೆಂಬರ್ 17ರಂದು ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಯಿತು. ನಿಯಮವನ್ನು ಒಂದು ಕಡತದಲ್ಲಿ ಬರೆದರೆ ಸಾಕು, ಎಲ್ಲ ಪುಟಗಳೂ ಅದನ್ನು ಪಾಲಿಸುತ್ತವೆ. ಲಿಪಿಕಾರರ ಮಿಸ್ತರ ಮಾಡುತ್ತಿದ್ದ ಕೆಲಸವೇ ಇದು.

ಸಿಎಸ್‌ಎಸ್ ಪ್ರತಿಯೊಂದು ಅಂಶವನ್ನೂ ಒಂದು ಪೆಟ್ಟಿಗೆಯಾಗಿ ಕಾಣುತ್ತದೆ. ಅರ್ಥವಾಗಲು ನಮ್ಮ ಊರಿನ ಮನೆಯನ್ನು ನೆನೆಸಿಕೊಳ್ಳಿ. ಮನೆಯೇ ಬರಹ. ಮನೆಯ ಸುತ್ತಲಿನ ಅಂಗಳ ಪ್ಯಾಡಿಂಗ್. ಕಾಂಪೌಂಡ್ ಗೋಡೆ ಬಾರ್ಡರ್. ಗೋಡೆಯ ಆಚೆ, ಪಕ್ಕದ ಮನೆಯವರ ಗೋಡೆಯವರೆಗೆ ಬಿಟ್ಟ ಓಣಿ ಮಾರ್ಜಿನ್. ಅಂಗಳಕ್ಕೆ ಬಣ್ಣ ಹಚ್ಚಬಹುದು, ಅದು ನಿಮ್ಮದು. ಓಣಿಗೆ ಹಚ್ಚುವಂತಿಲ್ಲ. ಒಂದರ ಕೆಳಗೊಂದು ಇರುವ ಎರಡು ಪ್ಯಾರಾಗಳಲ್ಲಿ ಮೇಲಿನದು 20 ಪಿಕ್ಸೆಲ್, ಕೆಳಗಿನದು 30 ಪಿಕ್ಸೆಲ್ ಓಣಿ ಕೇಳಿದರೆ ಸಾಮಾನ್ಯವಾಗಿ 50 ಆಗುವುದಿಲ್ಲ, ದೊಡ್ಡದಾದ 30 ಮಾತ್ರ ಉಳಿಯುತ್ತದೆ. ಓಣಿ ಇಬ್ಬರಿಗೂ ಸೇರಿದ್ದಲ್ಲವೇ? ಇದು ಗೊತ್ತಿಲ್ಲದೆ ತಲೆ ಕೆಡಿಸಿಕೊಂಡ ಹೊಸ ವಿದ್ಯಾರ್ಥಿಗಳಿಗೆ ಲೆಕ್ಕವಿಲ್ಲ.

ನಿಯಮ ಬಂದರೂ ಜಗಳ ತಪ್ಪಲಿಲ್ಲ. ಪೆಟ್ಟಿಗೆಯ ಅಗಲ 300 ಪಿಕ್ಸೆಲ್ ಎಂದರೆ ಮನೆಯ ಅಗಲವೋ, ಕಾಂಪೌಂಡ್ ಸೇರಿದ ಅಗಲವೋ? ನಿಯಮದ ಪ್ರಕಾರ ಮನೆಯದ್ದು ಮಾತ್ರ. ಎರಡೂ ಬದಿ 20ರ ಪ್ಯಾಡಿಂಗ್, 5ರ ಬಾರ್ಡರ್ ಸೇರಿದರೆ ಒಟ್ಟು 350. ಆದರೆ ವಿಂಡೋಸ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 300ರ ಒಳಗೇ ಲೆಕ್ಕ ಹಾಕುತ್ತಿತ್ತು. ಒಂದೇ ಪುಟ ಎರಡು ಬ್ರೌಸರುಗಳಲ್ಲಿ ಎರಡು ರೀತಿ ಕಾಣುತ್ತಿತ್ತು. 2001ರಲ್ಲಿ ಬಂದ ಆರನೆಯ ಆವೃತ್ತಿಯಲ್ಲಿ, ಪುಟದ ಮೇಲ್ಭಾಗದ ಘೋಷಣೆ ಸರಿಯಾಗಿದ್ದರೆ, ಈ ದೋಷ ನೀಗಿತು. ವಿಚಿತ್ರವೆಂದರೆ ಕಾಂಪೌಂಡ್ ಸೇರಿಸಿ ಅಳೆಯುವುದೇ ಕೆಲಸಕ್ಕೆ ಅನುಕೂಲವೆಂದು ಮುಂದೆ ಎಲ್ಲರಿಗೂ ಅನಿಸಿತು. ‘ಬಾಕ್ಸ್-ಸೈಝಿಂಗ್’ ಎಂಬ ನಿಯಮದ ಮೂಲಕ ಆ ಆಯ್ಕೆ ಅಧಿಕೃತವಾಗಿಯೇ ಸಿಕ್ಕಿತು. ಇಂದು ಬಹುತೇಕ ಸೈಟುಗಳು ಅದನ್ನೇ ಮೊದಲ ಸಾಲಿನಲ್ಲಿ ಬರೆದುಕೊಳ್ಳುತ್ತವೆ.

ಯಾರ ಜವಾಬ್ದಾರಿ?

ಸೈಟುಗಳು ದೊಡ್ಡದಾದಂತೆ ಬೇರೊಂದು ರೋಗ ಕಾಣಿಸಿಕೊಂಡಿತು. ಒಬ್ಬ ಕೆಲಸಗಾರ ಒಂದು ಕಡೆ 13 ಪಿಕ್ಸೆಲ್ ಬಿಟ್ಟ, ಇನ್ನೊಬ್ಬ ಇನ್ನೊಂದು ಕಡೆ 17 ಬಿಟ್ಟ, ಮೂರನೆಯವನು ಎರಡನ್ನೂ ಸರಿಪಡಿಸಲು ಮೈನಸ್ 4 ಹಾಕಿದ. ಏಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮುಟ್ಟಲು ಎಲ್ಲರಿಗೂ ಹೆದರಿಕೆ.

ಇದಕ್ಕೆ ಹಂತ ಹಂತವಾಗಿ ಪರಿಹಾರಗಳು ಬಂದವು. 2012ರಲ್ಲಿ ಹ್ಯಾರಿ ರಾಬರ್ಟ್ಸ್ ಎಂಬ ಇಂಗ್ಲೆಂಡಿನ ತಜ್ಞರು ಲಂಬ ಅಂತರವನ್ನು ಒಂದೇ ದಿಕ್ಕಿನಲ್ಲಿ, ಉದಾಹರಣೆಗೆ ಯಾವಾಗಲೂ ಕೆಳಗಡೆ ಮಾತ್ರ, ಕೊಡಬೇಕೆಂದು ವಾದಿಸಿದರು. 2014ರಲ್ಲಿ ಹೇಡನ್ ಪಿಕರಿಂಗ್ ಎಂಬವರು ಅಕ್ಕಪಕ್ಕದ ಎರಡು ಅಂಶಗಳ ನಡುವೆ ಮಾತ್ರ ಅಂತರ ಹುಟ್ಟಿಸುವ ಒಂದೇ ಸಾಲಿನ ನಿಯಮ ಬರೆದರು. ಅದೇ ವರ್ಷ ಗೂಗಲ್ ಕಂಪೆನಿಯ ಮೆಟೀರಿಯಲ್ ಡಿಸೈನ್ ಎಂಟರ ಗುಣಕಗಳಲ್ಲೇ ಅಂತರ ಬಿಡುವ ಪದ್ಧತಿಯನ್ನು ಜನಪ್ರಿಯಗೊಳಿಸಿತು: 8, 16, 24, 32. ಬೂಟ್‌ಸ್ಟ್ರಾಪ್‌ನ ನಾಲ್ಕನೆಯ ಆವೃತ್ತಿ 2018ರಲ್ಲಿ ಸೊನ್ನೆಯಿಂದ ಐದರವರೆಗಿನ ಮೆಟ್ಟಿಲುಗಳನ್ನು ಕೊಟ್ಟಿತು. ಸಿಎಸ್‌ಎಸ್‌ನಲ್ಲೇ ಅಳತೆಗೆ ಹೆಸರಿಟ್ಟು ಒಂದು ಕಡೆ ಬರೆದಿಡುವ ಸೌಲಭ್ಯವೂ ಬಂತು. ಆ ಒಂದು ಅಳತೆಯನ್ನು ಬದಲಿಸಿದರೆ ಇಡೀ ಸೈಟು ಹೊಂದಿಕೊಳ್ಳುತ್ತದೆ. ನೆನಪಾಯಿತೇ? ವಝೀರರ ಚುಕ್ಕಿ!

ಇದಕ್ಕಿಂತ ದೊಡ್ಡ ಬದಲಾವಣೆ ‘ಗ್ಯಾಪ್’ ಎಂಬ ನಿಯಮದ್ದು. 2017ರಲ್ಲಿ ಗ್ರಿಡ್ ಪದ್ಧತಿಯ ಜೊತೆಗೆ ಅದು ಬಳಕೆಗೆ ಬಂತು, ಫ್ಲೆಕ್ಸ್ ಪದ್ಧತಿಗೆ ಎಲ್ಲ ಮುಖ್ಯ ಬ್ರೌಸರುಗಳಲ್ಲಿ ಸಿಗುವಾಗ 2021 ಆಯಿತು. ಮಸೀದಿಯಲ್ಲಿ ಎರಡು ಸಫ್‌ಗಳ ನಡುವೆ ಎಷ್ಟು ಅಂತರವಿರಬೇಕೆಂದು ನಮಾಝಿಗೆ ನಿಂತ ಒಬ್ಬೊಬ್ಬರೂ ನಿರ್ಧರಿಸುವುದಿಲ್ಲ. ನೆಲದ ಹಾಸಿನ ಮೇಲಿನ ಗೆರೆಗಳು ಅದನ್ನು ಮೊದಲೇ ನಿರ್ಧರಿಸಿವೆ. ಗ್ಯಾಪ್ ಕೂಡ ಹಾಗೆಯೇ. ಅಂತರದ ಜವಾಬ್ದಾರಿ ಪ್ರತಿಯೊಂದು ಪೆಟ್ಟಿಗೆಯದ್ದಲ್ಲ, ಅವುಗಳನ್ನು ಹೊತ್ತ ದೊಡ್ಡ ಪೆಟ್ಟಿಗೆಯದ್ದು. ಒಳಗೆ ಯಾರು ಬಂದರೂ, ಯಾರು ಹೋದರೂ ಶಿಸ್ತು ಕೆಡುವುದಿಲ್ಲ.

ಎಡ, ಬಲ ಮತ್ತು ನಾವು

ಈಗ ನಮಗೆ ನೇರವಾಗಿ ತಾಗುವ ವಿಷಯ. 1996ರ ಸಿಎಸ್‌ಎಸ್‌ನಲ್ಲಿ ಮಾರ್ಜಿನ್-ಲೆಫ್ಟ್, ಮಾರ್ಜಿನ್-ರೈಟ್ ಎಂಬ ಪದಗಳಿದ್ದವು. ಬರೆದವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಎಡದಿಂದ ಬಲಕ್ಕೆ ಓದುವವರಿಗೆ ‘ಆರಂಭ’ ಎಂದರೆ ಎಡ. ಆದರೆ ಅರಬಿ, ಉರ್ದು, ಫಾರಸಿ, ಹೀಬ್ರೂ ಓದುವ ಕೋಟ್ಯಂತರ ಜನರಿಗೆ ಆರಂಭವೆಂದರೆ ಬಲ. 1997ರ ಎಚ್‌ಟಿಎಂಎಲ್ 4.0ರಲ್ಲಿ ಬರಹದ ದಿಕ್ಕನ್ನು ಬಲದಿಂದ ಎಡಕ್ಕೆ ತಿರುಗಿಸುವ ಸೌಲಭ್ಯ ಸೇರಿತು. ಬರಹ ತಿರುಗಿತು, ಆದರೆ ‘ಎಡ’ ಎಂದು ಬರೆದ ಅಂತರ ಎಡದಲ್ಲೇ ಉಳಿಯಿತು.

ಪರಿಣಾಮವನ್ನು ಕಲ್ಪಿಸಿಕೊಳ್ಳಿ. ಒಂದು ಸಂಸ್ಥೆಯ ವೆಬ್‌ಸೈಟಿನಲ್ಲಿ ವಿದ್ಯಾರ್ಥಿವೇತನದ ಸೂಚನೆಯಿದೆ. ಇಂಗ್ಲಿಷ್, ಕನ್ನಡ ಪುಟಗಳು ಅಚ್ಚುಕಟ್ಟು. ಉರ್ದು ಪುಟ ತೆರೆದರೆ ಗುರುತಿನ ಚಿತ್ರ ಬರಹದ ಮೇಲೆ ಹತ್ತಿ ಕುಳಿತಿದೆ, ಕೊನೆಯ ದಿನಾಂಕ ಅರ್ಧ ಮುಚ್ಚಿದೆ, ನಸ್ತಾಲೀಖ್ ಅಕ್ಷರಗಳ ತಲೆ-ಬುಡ ಪಕ್ಕದ ಸಾಲುಗಳಿಗೆ ಬಡಿದಿದೆ. ಉರ್ದು ಮಾತ್ರ ಓದಬಲ್ಲ ತಾಯಿಯೊಬ್ಬರು ತಮ್ಮ ಮಗಳಿಗಾಗಿ ಅದನ್ನು ತೆರೆದರೆ ಏನು ಗತಿ? ಅವರು ತಮಗೇ ಓದಲು ಬರುತ್ತಿಲ್ಲ ಎಂದುಕೊಂಡು ಮುಚ್ಚಿಡುತ್ತಾರೆ. ತಪ್ಪು ಅವರದಲ್ಲ, ಒಂದು ಸಾಲಿನ ಮಾರ್ಜಿನ್‌ದು.

ಇದಕ್ಕೂ ಉತ್ತರ ಬಂದಿದೆ. ಎಡ-ಬಲಗಳ ಬದಲು ‘ಆರಂಭ’ ಮತ್ತು ‘ಅಂತ್ಯ’ ಎಂದು ಹೇಳುವ ನಿಯಮಗಳು 2010ರ ದಶಕದ ಉತ್ತರಾರ್ಧದಲ್ಲಿ ಬ್ರೌಸರುಗಳಲ್ಲಿ ಒಂದೊಂದಾಗಿ ನೆಲೆಯೂರಿದವು. ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್ ಎಂದು ಬರೆದರೆ ಕನ್ನಡದಲ್ಲಿ ಅದು ಎಡ, ಉರ್ದುವಿನಲ್ಲಿ ತಾನಾಗಿಯೇ ಬಲ. 2021ರ ಬೂಟ್‌ಸ್ಟ್ರಾಪ್ 5 ತನ್ನ ಹಳೆಯ ಎಡ-ಬಲದ ಹೆಸರುಗಳನ್ನು ಕೈಬಿಟ್ಟು ಆರಂಭ-ಅಂತ್ಯದ ಹೆಸರುಗಳನ್ನು ಸ್ವೀಕರಿಸಿತು. 1996ರಲ್ಲಿ ಮರೆತದ್ದನ್ನು ಸರಿಪಡಿಸಲು ಸುಮಾರು ಕಾಲು ಶತಮಾನ ಬೇಕಾಯಿತು. ನಿಯಮ ಬರೆಯುವ ಕೋಣೆಯಲ್ಲಿ ಎಲ್ಲ ಭಾಷೆಯವರೂ ಕುಳಿತಿದ್ದರೆ ಇಷ್ಟು ತಡವಾಗುತ್ತಿತ್ತೇ? ಈ ಪ್ರಶ್ನೆಯನ್ನು ದೂರುವ ಧಾಟಿಯಲ್ಲಿ ಕೇಳುತ್ತಿಲ್ಲ. ಆ ಕೋಣೆಗೆ ಹೋಗುವ ಅರ್ಹತೆ ಗಳಿಸಬೇಕಾದವರು ನಮ್ಮ ಮಕ್ಕಳೇ ಎಂಬುದನ್ನು ನೆನಪಿಸುತ್ತಿದ್ದೇನೆ.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ಈ ಚರಿತ್ರೆಯಿಂದ ಕಲಿಯಬೇಕಾದದ್ದನ್ನು ಸಂಕ್ಷೇಪವಾಗಿ ಹೇಳುವುದಾದರೆ:

1. ಕೆಲಸ ಆರಂಭಿಸುವ ಮೊದಲೇ ಒಂದು ಮೂಲ ಅಳತೆ ಗೊತ್ತುಮಾಡಿ. ಉಳಿದ ಎಲ್ಲ ಅಂತರಗಳೂ ಅದರ ಗುಣಕಗಳಾಗಲಿ. ಆರೇಳು ಮೆಟ್ಟಿಲುಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ. ಅವಕ್ಕೆ ಹೆಸರಿಟ್ಟು ಒಂದೇ ಕಡೆ ಬರೆದಿಡಿ.

2. ಪೆಟ್ಟಿಗೆಯ ಒಳಗಿನ ಅಂತರ ಆ ಪೆಟ್ಟಿಗೆಯದ್ದು, ಪ್ಯಾಡಿಂಗ್ ಬಳಸಿ. ಪೆಟ್ಟಿಗೆಗಳ ನಡುವಿನ ಅಂತರ ಅವುಗಳನ್ನು ಹೊತ್ತದ್ದರದ್ದು, ಸಾಧ್ಯವಾದಲ್ಲೆಲ್ಲ ಗ್ಯಾಪ್ ಬಳಸಿ.

3. ಎಡ-ಬಲ ಬರೆಯುವ ಅಭ್ಯಾಸ ಬಿಡಿ, ಆರಂಭ-ಅಂತ್ಯ ಬರೆಯಿರಿ. ಇಂದು ನಿಮ್ಮ ಸೈಟಿನಲ್ಲಿ ಉರ್ದು ಇಲ್ಲದಿರಬಹುದು, ನಾಳೆ ಬರಬಹುದು.

4. ಸಾಲಿನ ಅಂತರವನ್ನು ಇಂಗ್ಲಿಷಿನಲ್ಲಿ ಮಾತ್ರ ನೋಡಿ ಒಪ್ಪಬೇಡಿ. ಒತ್ತಕ್ಷರ ತುಂಬಿದ ಒಂದು ಕನ್ನಡ ಪ್ಯಾರಾ, ನಸ್ತಾಲೀಖ್‌ನ ಒಂದು ಉರ್ದು ಪ್ಯಾರಾ ಹಾಕಿ ಪರೀಕ್ಷಿಸಿ. ನಂತರ ಅದನ್ನು ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿ.

ಪ್ರಿಯ ಓದುಗರೇ, ಇಬ್ನು ಮುಖ್ಲರ ಕೈಯನ್ನು ಕತ್ತರಿಸಿದವರು ಆ ಕೈಯ ಕಲೆ ಅಲ್ಲಿಗೆ ಮುಗಿಯಿತೆಂದು ಭಾವಿಸಿರಬಹುದು. ಆದರೆ ಅವರು ತಮ್ಮ ವಿದ್ಯೆಯನ್ನು ಕೈಯಲ್ಲಿ ಇಟ್ಟಿರಲಿಲ್ಲ, ಇನ್ನೊಬ್ಬರು ಕಲಿಯಬಹುದಾದ ನಿಯಮದಲ್ಲಿ ಇಟ್ಟಿದ್ದರು. ಕೈ ಹೋಯಿತು, ಅಧಿಕಾರ ಹೋಯಿತು, ಬರೆದ ಹಾಳೆಗಳೂ ಹೋದವು. ಇಂದಿಗೂ ಖತ್ತಾತಿ ಕಲಿಯುವ ಮಗು ಅಲಿಫ್ ಪಕ್ಕದಲ್ಲಿ ಚುಕ್ಕಿಗಳನ್ನು ಇಟ್ಟು ಅಳೆಯುತ್ತದೆ. ನೀವು ಬರೆಯುವ ವೆಬ್ ಪುಟ ಹತ್ತು ವರ್ಷ ಉಳಿಯಲಿಕ್ಕಿಲ್ಲ. ನಿಮ್ಮ ನಂತರ ಬರುವವನು ತೆರೆದು ನೋಡಿದಾಗ ಅರ್ಥವಾಗುವಂತೆ, ತಿದ್ದಲು ಹೆದರದಂತೆ ಅದನ್ನು ಬರೆದಿಡಿ. ಅವನಿಗಾಗಿ ಸ್ವಲ್ಪ ಹಾಶಿಯಾ ಬಿಡಿ.